ಮುಖ ನೋಡಿ ಕಲಿಯುವ ಮೌನ

ಪೆನ್ಸಿಲ್ ಕಳೆದದ್ದು, ಪಕ್ಕದಲ್ಲಿ ಕೂರುವ ಹುಡುಗ ಚಿವುಟಿದ್ದು, ಟೀಚರ್ ಯಾರಿಗೆ ಬೈದರು ಎಂಬುದು, ವ್ಯಾನಿನಲ್ಲಿ ಯಾರು ವಾಂತಿ ಮಾಡಿಕೊಂಡರು ಎಂಬುದು, ಇವೆಲ್ಲವನ್ನೂ ಶೂ ಬಿಚ್ಚುವ ಮೊದಲೇ ಒಪ್ಪಿಸಿಬಿಡುವ ಆರು ವರ್ಷದ ಮಗು, ತನ್ನ ಮೈಯನ್ನು ಯಾರೋ ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆ ಅದೊಂದನ್ನು ಮಾತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ, ಹೇಳದೆ ಉಳಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರಗಳು ಮೂರು: ಮಗುವಿಗೆ ಏನಾಯಿತೆಂದು ಅರ್ಥವಾಗಿರುವುದಿಲ್ಲ, ಅದು ಬೇಗ ಮರೆತುಬಿಡುತ್ತದೆ, ಅಥವಾ ಅದನ್ನು ಯಾರೋ ಹೆದರಿಸಿರುತ್ತಾರೆ. ಮೂರರಲ್ಲೂ ಒಂದಿಷ್ಟು ಸತ್ಯವಿದ್ದರೂ, ಯಾರೂ ಹೆದರಿಸದೆ ಇದ್ದಾಗಲೂ, ನಡೆದದ್ದು ಮಗುವಿಗೆ ಚೆನ್ನಾಗಿ ನೆನಪಿರುವಾಗಲೂ ಮಗು ಸುಮ್ಮನಿರುತ್ತದೆ ಎಂಬ ಸಂಗತಿಯನ್ನು ಈ ಉತ್ತರಗಳು ವಿವರಿಸುವುದಿಲ್ಲ.

ಈ ಮೌನ ಅಪರೂಪದ್ದಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದೇವೆ ಎಂದವರು ನೂರಕ್ಕೆ 53 ಮಂದಿ. ಬಲವಂತದ ಮುತ್ತಿನಿಂದ ಹಿಡಿದು ಅಶ್ಲೀಲ ಚಿತ್ರ ತೋರಿಸುವವರೆಗಿನ ಎಲ್ಲವನ್ನೂ ಆ ಅಧ್ಯಯನ ಕಿರುಕುಳವೆಂದೇ ಎಣಿಸಿತ್ತಾದ್ದರಿಂದ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ ಎಂದು ವಾದಿಸಬಹುದು. ಆದರೆ ಹೀಗೆ ಹೇಳಿಕೊಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡುಮಕ್ಕಳಾಗಿದ್ದರು ಎಂಬುದನ್ನೂ, ಬಹುಪಾಲು ಮಕ್ಕಳು ಅದುವರೆಗೆ ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ ಎಂಬುದನ್ನೂ ಆ ವಾದ ಅಲ್ಲಗಳೆಯಲಾರದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಡಿ ದಾಖಲಾದ ಅತ್ಯಾಚಾರ ಪ್ರಕರಣಗಳ ವಿವರವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುತ್ತದೆ. ಅದರ ಇತ್ತೀಚಿನ ವರ್ಷಗಳ ವರದಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪ್ರಕರಣಗಳ ಆರೋಪಿ ಮಗುವಿಗೆ ಮೊದಲೇ ಪರಿಚಿತನಾದವನು. ಅಂದರೆ ಮಗು ಯಾರ ಬಗ್ಗೆ ಹೇಳಬೇಕಾಗಿದೆಯೋ ಆ ವ್ಯಕ್ತಿ, ಅದು ಹೇಳಿಕೊಳ್ಳಬೇಕಾದ ಜನರ ನಡುವೆಯೇ, ಎಷ್ಟೋ ವೇಳೆ ಅದೇ ಹಜಾರದಲ್ಲಿ ಕಾಫಿ ಕುಡಿಯುತ್ತ ಕುಳಿತಿರುತ್ತಾನೆ.

ನೆನಪಿದ್ದೂ ಹೇಳದ ಮಕ್ಕಳು

ಮರೆವಿನ ಮಾತು ಎಷ್ಟು ನಿಜ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಕ್ಯಾರೆನ್ ಸೇವಿಟ್ಸ್, ಗೇಲ್ ಗುಡ್‌ಮನ್ ಮತ್ತು ಅವರ ಸಂಗಡಿಗರು 1991ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಒರೆಗೆ ಹಚ್ಚಿತು. ಐದು ಮತ್ತು ಏಳು ವರ್ಷದ 72 ಹೆಣ್ಣುಮಕ್ಕಳು ವೈದ್ಯರ ಬಳಿ ಎಂದಿನ ಆರೋಗ್ಯ ತಪಾಸಣೆಗೆ ಬಂದಿದ್ದರು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ತಪಾಸಣೆಯ ಭಾಗವಾಗಿ ಜನನಾಂಗದ ಹೊರಪರೀಕ್ಷೆಯನ್ನೂ, ಉಳಿದ ಅರ್ಧಕ್ಕೆ ಅದರ ಬದಲು ಬೆನ್ನುಮೂಳೆ ಡೊಂಕಾಗಿದೆಯೇ ಎಂಬ ಪರೀಕ್ಷೆಯನ್ನೂ ಮಾಡಲಾಯಿತು. ಕೆಲವು ದಿನ ಅಥವಾ ವಾರಗಳು ಕಳೆದ ಮೇಲೆ, "ಡಾಕ್ಟರ್ ಹತ್ತಿರ ಹೋದಾಗ ಏನೇನಾಯಿತು, ಎಲ್ಲ ಹೇಳು" ಎಂದು ಮಕ್ಕಳನ್ನು ಕೇಳಿದರು. ಕಿವಿ ನೋಡಿದ್ದು, ಎದೆಗೆ ಸ್ಟೆತಸ್ಕೋಪ್ ಇಟ್ಟದ್ದು, ಇವೆಲ್ಲ ಬಂದವು. ಆದರೆ ಜನನಾಂಗದ ಪರೀಕ್ಷೆಗೆ ಒಳಗಾಗಿದ್ದ 36 ಹುಡುಗಿಯರಲ್ಲಿ 28 ಮಂದಿ ಆ ಭಾಗವನ್ನು ಮಾತ್ರ ಹೇಳಲೇ ಇಲ್ಲ.

ಬಳಿಕ ಅಂಗಾಂಗಗಳನ್ನು ಸ್ಪಷ್ಟವಾಗಿ ತೋರಿಸುವ ಒಂದು ಗೊಂಬೆಯನ್ನು ಮುಂದಿಟ್ಟು, ಆ ಜಾಗವನ್ನೇ ಬೆರಳಿಟ್ಟು ತೋರಿಸಿ, "ಡಾಕ್ಟರ್ ಇಲ್ಲಿ ಮುಟ್ಟಿದರಾ?" ಎಂದು ಕೇಳಿದಾಗ ಬೆರಳೆಣಿಕೆಯ ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಹೌದೆಂದರು. ಬೆನ್ನುಮೂಳೆ ಪರೀಕ್ಷೆ ಮಾತ್ರ ಆದ ಮಕ್ಕಳಿಗೂ ಇದೇ ಪ್ರಶ್ನೆ ಹಾಕಿದಾಗ, ಆಗದ್ದನ್ನು ಆಯಿತೆಂದವರು ಒಬ್ಬಿಬ್ಬರಷ್ಟೇ. ನೆನಪು ಇತ್ತು, ಅದು ನಿಖರವಾಗಿಯೂ ಇತ್ತು; ಮುಟ್ಟಿದವರು ವೈದ್ಯರು, ಬೆದರಿಸಿದವರು ಯಾರೂ ಇಲ್ಲ, ಬಚ್ಚಿಡಬೇಕಾದ ಕಾರಣವೂ ಇಲ್ಲ. ಹಾಗಿದ್ದೂ ಐದು ವರ್ಷದ ಮಗುವಿಗೆ ಕಿವಿಯ ವಿಷಯ ಹೇಳಬಹುದಾದದ್ದು, ಈ ವಿಷಯ ಹೇಳಬಾರದ್ದು ಎಂಬ ವ್ಯತ್ಯಾಸ ಆಗಲೇ ಗೊತ್ತಾಗಿಬಿಟ್ಟಿತ್ತು. ಪ್ರಯೋಗ ನಿಜವಾಗಿ ಬಯಲುಮಾಡಿದ್ದು ಇದನ್ನು. ಈ ವ್ಯತ್ಯಾಸವನ್ನು ಮಕ್ಕಳು ಇಷ್ಟು ಚಿಕ್ಕ ವಯಸ್ಸಿಗೆ ಎಲ್ಲಿಂದ ಕಲಿಯುತ್ತಾರೆ ಎಂಬುದು ಮುಂದಿನ ಪ್ರಶ್ನೆ.

ಮುಖವೇ ಪಾಠ

ನಡೆಯಲು ಆಗತಾನೇ ಕಲಿಯುತ್ತಿರುವ ಕೂಸು ಹೊಸದೇನನ್ನಾದರೂ ಎದುರಿಸಿದಾಗ ಮೊದಲು ಮಾಡುವ ಕೆಲಸ ಹಿಂದಿರುಗಿ ತಾಯಿಯ ಮುಖ ನೋಡುವುದು. 1985ರಲ್ಲಿ ಸಂಶೋಧಕರಾದ ಜೇಮ್ಸ್ ಸೋರ್ಸ್, ರಾಬರ್ಟ್ ಎಮ್ಡೆ, ಜೋಸೆಫ್ ಕ್ಯಾಂಪೋಸ್ ಮತ್ತು ಮೇರಿ ಕ್ಲಿನರ್ಟ್ ಒಂದು ವರ್ಷದ ಕೂಸುಗಳನ್ನು ಗಾಜಿನ ಹಾಸಿನ ಮೇಜಿನ ಮೇಲೆ ಬಿಟ್ಟರು. ಮೇಜಿನ ಅರ್ಧ ಭಾಗದಲ್ಲಿ ಗಾಜಿನ ಕೆಳಗಿನ ನೆಲ ಸ್ವಲ್ಪ ತಗ್ಗಿದಂತೆ ಕಾಣುತ್ತಿತ್ತು, ಬೀಳುವಷ್ಟು ಆಳವೂ ಅಲ್ಲ, ನಿಶ್ಚಿಂತೆಯಿಂದ ದಾಟುವಂಥದ್ದೂ ಅಲ್ಲ. ಆಚೆ ಬದಿಯಲ್ಲಿ ನಿಂತ ತಾಯಿ ಒಂದು ಮಾತನ್ನೂ ಆಡದೆ ನಗುಮುಖ ತೋರಿಸಿದಾಗ 19 ಕೂಸುಗಳ ಪೈಕಿ 14 ಅಂಬೆಗಾಲಿಟ್ಟು ದಾಟಿದವು. ಭಯದ ಮುಖ ತೋರಿಸಿದಾಗ 17ರಲ್ಲಿ ಒಂದೂ ದಾಟಲಿಲ್ಲ. ವಿಜ್ಞಾನಿಗಳು ಸೋಷಿಯಲ್ ರೆಫರೆನ್ಸಿಂಗ್ ಎನ್ನುವ ಈ ಸಾಮರ್ಥ್ಯವನ್ನು ಇಲ್ಲಿ 'ಮುಖದೋದು' ಎಂದು ಕರೆಯಬಹುದು: ಒಂದು ವಸ್ತು ಅಥವಾ ಸನ್ನಿವೇಶ ಎಂಥದ್ದು ಎಂಬುದನ್ನು ಮಗು ತಾನೇ ಪರೀಕ್ಷಿಸದೆ, ತನಗೆ ಬೇಕಾದವರ ಮುಖದಿಂದ ಓದಿಕೊಳ್ಳುವುದು. ಬೆಂಕಿ, ಬಾವಿ, ಹಾವುಗಳ ಬಗ್ಗೆ ಅನುಭವದಿಂದಲೇ ಕಲಿಯಬೇಕಾಗಿದ್ದರೆ ಮನುಷ್ಯರ ಕೂಸುಗಳು ಉಳಿಯುತ್ತಿರಲಿಲ್ಲವಾದ್ದರಿಂದ ಈ ಓದು ಬಹಳ ಬೇಗ, ಮಾತು ಬರುವ ಮೊದಲೇ, ಬಂದಿರುತ್ತದೆ.

ಅದೇ ಓದು ಬಚ್ಚಲುಮನೆಯಲ್ಲೂ ನಡೆಯುತ್ತದೆ. ಎರಡು-ಮೂರು ವರ್ಷದ ಮಗುವಿಗೆ ಸ್ನಾನ ಮಾಡಿಸುವಾಗ ಹಿರಿಯರು ಇದು ತಲೆ, ಇದು ಕಿವಿ, ಇದು ಕತ್ತು, ಇದು ಹೊಟ್ಟೆ, ಇದು ಹೊಕ್ಕುಳು ಎಂದು ಹೆಸರು ಹೇಳುತ್ತ ಇಳಿಯುತ್ತಾರೆ. ಹೊಕ್ಕುಳಿನ ಕೆಳಗೆ ಬಂದಾಗ ಮಾತು ನಿಲ್ಲುತ್ತದೆ, ಕೈ ಮಾತ್ರ ಸರಸರನೆ ಸೋಪು ಹಚ್ಚುತ್ತದೆ, ತೊಡೆಗೆ ಬಂದ ಮೇಲೆ ಹೆಸರುಗಳು ಮತ್ತೆ ಶುರುವಾಗುತ್ತವೆ. ಮಗು ಆ ಜಾಗವನ್ನು ಮುಟ್ಟಿಕೊಂಡರೆ "ಛೀ, ಕೈ ತೆಗಿ" ಎಂಬ ಗದರಿಕೆ, ಚಡ್ಡಿಯಿಲ್ಲದೆ ಹೊರಗೆ ಓಡಿದರೆ "ಶೇಮ್ ಶೇಮ್" ಎಂಬ ನಗು. ಟೀವಿಯಲ್ಲಿ ಸ್ಯಾನಿಟರಿ ಪ್ಯಾಡಿನ ಜಾಹೀರಾತು ಬಂದಾಗ ರಿಮೋಟಿನತ್ತ ಚಾಚುವ ಕೈ, "ಪಾಪು ಎಲ್ಲಿಂದ ಬರುತ್ತೆ?" ಎಂದಾಗ ಹಿರಿಯರು ಪರಸ್ಪರ ನೋಡಿಕೊಳ್ಳುವ ನೋಟ, ಇವೆಲ್ಲವೂ ಮಗುವಿನ ಲೆಕ್ಕಕ್ಕೆ ಸೇರುತ್ತವೆ. ಮಡಿ ಬಟ್ಟೆಯನ್ನು ಮುಟ್ಟಬಾರದೆಂದು ಯಾರೂ ಮಗುವನ್ನು ಕೂರಿಸಿ ಪಾಠ ಹೇಳಿರುವುದಿಲ್ಲ, ಅಜ್ಜಿ ಒಂದೆರಡು ಸಲ ಹೌಹಾರಿದ್ದೇ ಸಾಕಾಗಿರುತ್ತದೆ. ಮೈಯ ಕುರಿತ ಮೌನವನ್ನೂ ಮಗು ಹಾಗೆಯೇ, ಯಾರೂ ಕಲಿಸದೆ ಕಲಿಯುತ್ತದೆ. ವ್ಯತ್ಯಾಸವೆಂದರೆ ಮಡಿಯ ವಿಷಯದಲ್ಲಿ ಮಗು "ಯಾಕೆ?" ಎಂದು ಕೇಳಬಹುದು, ಇಲ್ಲಿ ಕೇಳಬಾರದು ಎಂಬುದೇ ಪಾಠದ ಮೊದಲ ಸಾಲು.

ಆದ್ದರಿಂದ ಲೈಂಗಿಕ ಶಿಕ್ಷಣವನ್ನು ಮನೆಯಲ್ಲಿ ಯಾವಾಗ ಶುರುಮಾಡಬೇಕು ಎಂಬ ಪ್ರಶ್ನೆಯೇ ಸ್ವಲ್ಪ ತಪ್ಪು. ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ಅದು ಪ್ರತಿ ಮನೆಯಲ್ಲೂ ಶುರುವಾಗಿರುತ್ತದೆ, ಹೆಚ್ಚಿನ ಮನೆಗಳಲ್ಲಿ ಮುಖಭಾವದ ಮೂಲಕ.

ಮೌನದ ಬೆಲೆ ತಿಳಿದವರು

ಮಕ್ಕಳನ್ನು ದುರುಪಯೋಗಪಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಕತ್ತಲಲ್ಲಿ ಹೊಂಚುಹಾಕುವವರಲ್ಲ. ಅವರು ಮೊದಲು ಮಗುವಿನ, ಅದಕ್ಕೂ ಮೊದಲು ಮನೆಯವರ ವಿಶ್ವಾಸ ಗಳಿಸುತ್ತಾರೆ, ಚಾಕೊಲೇಟು, ಮೊಬೈಲ್ ಗೇಮು, ಬೈಕಿನ ಸವಾರಿಗಳಿಂದ ಹತ್ತಿರವಾಗುತ್ತಾರೆ, ಕಚಗುಳಿ ಇಡುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಮುಂತಾದ ಎಲ್ಲರೆದುರೇ ನಡೆಯುವ ಸ್ಪರ್ಶಗಳಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಮುಂದೆ ಹೋಗುತ್ತಾರೆ. ಗ್ರೂಮಿಂಗ್ ಎಂದು ಕರೆಯುವ ಈ ಕ್ರಮಕ್ಕೆ 'ಪಳಗಿಸುವಿಕೆ' ಎಂಬುದು ಸರಿಹೊಂದುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದು ಪರೀಕ್ಷೆ ನಡೆಯುತ್ತಿರುತ್ತದೆ: ಮಗು ಇದನ್ನು ಮನೆಯಲ್ಲಿ ಹೇಳಿತೇ? ಹೇಳಿದ ಮಗುವನ್ನು ಬಿಟ್ಟು ಹೇಳದ ಮಗುವಿನತ್ತ ತಿರುಗುವುದು ಅಂಥವರಿಗೆ ಸುಲಭ. "ಇದು ನಮ್ಮಿಬ್ಬರ ಗುಟ್ಟು" ಎಂಬ ಮಾತು ಕೆಲಸ ಮಾಡುವುದು, ಆ ಗುಟ್ಟನ್ನು ಮನೆಯವರೇ ಅರ್ಧ ಕಟ್ಟಿಕೊಟ್ಟಿರುವುದರಿಂದ.

ವಿಧೇಯತೆಯ ಪಾಠವೂ ಇದಕ್ಕೆ ಒದಗಿಬರುತ್ತದೆ. ಹಬ್ಬಕ್ಕೋ ನಾಮಕರಣಕ್ಕೋ ಬಂದ ನೆಂಟರೊಬ್ಬರು ಕೈಚಾಚಿದಾಗ ಮಗು ಹಿಂದೆ ಸರಿದರೆ, "ಮಾಮ ಅಷ್ಟು ದೂರದಿಂದ ಬಂದಿದಾರೆ, ಒಂದು ಮುತ್ತು ಕೊಡೋಕೆ ಏನು ಧಾಡಿ?" ಎಂದು ಮುಂದಕ್ಕೆ ತಳ್ಳುವ ತಂದೆತಾಯಿ ಮಗುವಿಗೆ ಮರ್ಯಾದೆ ಕಲಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ, ಮಗು ಕಲಿಯುವುದು ತನ್ನ ಮೈಗೆ ಬೇಡವೆನಿಸಿದರೂ ದೊಡ್ಡವರು ಕೇಳಿದರೆ ಕೊಡಬೇಕು ಎಂಬುದನ್ನು. ಕೈಮುಗಿದು ನಮಸ್ಕಾರ ಹೇಳುವುದರಲ್ಲಿ ಮರ್ಯಾದೆಗೆ ಯಾವ ಕೊರತೆಯೂ ಬಾರದು. ಹಾಗೆಯೇ ಅಪರಿಚಿತರ ಬಗೆಗಿನ ಎಚ್ಚರಿಕೆಗಳಿಂದ ಆಗುವ ಲಾಭ ಕಡಿಮೆ, ಏಕೆಂದರೆ ಚಿಕ್ಕ ಮಕ್ಕಳ ಕಲ್ಪನೆಯ 'ಕೆಟ್ಟವನು' ನೋಡಲೂ ಕೆಟ್ಟದಾಗಿರುವವನು. ದಿನಾ ಕಾಣುವ, ನಗುವ, ಹೆಸರು ಹಿಡಿದು ಕರೆಯುವ ಮನುಷ್ಯ ಆ ಕಲ್ಪನೆಯೊಳಗೆ ಬರುವುದೇ ಇಲ್ಲ.

ಕಿರುಕುಳ ಒಮ್ಮೆ ಶುರುವಾದ ಮೇಲೆ ಮಗುವಿನೊಳಗೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ 1983ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಐದು ಹಂತಗಳಾಗಿ ವಿವರಿಸಿದರು: ಗುಟ್ಟು, ಅಸಹಾಯಕತೆ, ಹೊಂದಿಕೊಳ್ಳುವಿಕೆ, ತಡವಾದ ಮತ್ತು ಅರೆಬರೆ ಹೇಳಿಕೆ, ಕೊನೆಗೆ ಆ ಹೇಳಿಕೆಯನ್ನೇ ಹಿಂತೆಗೆಯುವುದು. ಎಲ್ಲ ಮಕ್ಕಳೂ ಈ ಐದನ್ನೂ ದಾಟಿಬರುತ್ತಾರೆ ಎಂಬುದನ್ನು ಮುಂದಿನ ಸಂಶೋಧನೆಗಳು ಒಪ್ಪಿಲ್ಲ; ಆದರೆ ತಡ ಮಾಡಿ ಹೇಳುವುದು ಸುಳ್ಳಿನ ಲಕ್ಷಣವಲ್ಲ, ಅದೇ ಸಾಮಾನ್ಯ ಕ್ರಮ ಎಂಬ ಅವರ ಮುಖ್ಯ ಮಾತು ಉಳಿದುಕೊಂಡಿದೆ. "ನಿಜವಾಗಿದ್ರೆ ಅವತ್ತೇ ಹೇಳ್ತಿರಲಿಲ್ವಾ?" ಎನ್ನುವ ಮನೆಯ ಹಿರಿಯರಿಗೆ ಕೊಡಬೇಕಾದ ಉತ್ತರ ಇದು.

ಹೊಕ್ಕುಳಿನ ಕೆಳಗಿನ ಹೆಸರುಗಳು

ಮುಖದೋದಿನಿಂದ ಕಲಿತದ್ದನ್ನು ಮುಖದೋದಿನಿಂದಲೇ ತಿದ್ದಬಹುದೆಂಬುದು ಈ ಕಾರ್ಯವಿಧಾನದ ಅನುಕೂಲಕರ ಮಗ್ಗುಲು. ಬಚ್ಚಲಿನ ಆ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರುಗಳನ್ನು, ಕಿವಿ ಮತ್ತು ಮಂಡಿಯ ಹೆಸರು ಹೇಳಿದ ಅದೇ ದನಿಯಲ್ಲಿ, ಸೇರಿಸುವುದು ಮೊದಲ ಕೆಲಸ. ಶಿಶ್ನ, ವೃಷಣ, ಯೋನಿ, ಸ್ತನ, ಗುದದ್ವಾರ ಎಂಬ ಪದಗಳು ಮನೆಮಾತಿನಲ್ಲಿ ತೊಡಕೆನಿಸಿದರೆ "ಉಚ್ಚೆ ಹೊಯ್ಯೋ ಜಾಗ" ಎಂದು ಆರಂಭಿಸಿದರೂ ಅಡ್ಡಿಯಿಲ್ಲ. ಆದರೆ ಶಾಲೆಗೆ ಹೋಗುವ ವೇಳೆಗೆ ಮನೆಯ ಹೊರಗಿನವರಿಗೂ, ಅಂದರೆ ಟೀಚರಿಗೆ, ವೈದ್ಯರಿಗೆ, ಬೇಕಾದರೆ ಪೊಲೀಸರಿಗೆ ತಟ್ಟನೆ ತಿಳಿಯುವ ಒಂದು ಪದ ಮಗುವಿನ ಬಳಿ ಇರಬೇಕು. ಮುದ್ದಿನ ಅಡ್ಡಹೆಸರುಗಳ ತೊಂದರೆ ಅವು ಅಶ್ಲೀಲವೆಂಬುದಲ್ಲ, ಮನೆಯಾಚೆಗೆ ಯಾರಿಗೂ ಅರ್ಥವಾಗುವುದಿಲ್ಲ ಎಂಬುದು.

ಹೆಸರಿನ ಜೊತೆಗೆ ಒಂದು ನಿಯಮ ಹೋಗಬೇಕು. "ಇದು ನಿನ್ನ ಖಾಸಗಿ ಜಾಗ. ಇದನ್ನ ನೀನು ತೊಳೀಬಹುದು, ಚಿಕ್ಕೋಳಿರೋವರೆಗೂ ಅಮ್ಮ ತೊಳೀತಾಳೆ. ನೋವಾದಾಗ ಡಾಕ್ಟ್ರು ನೋಡ್ತಾರೆ, ಆಗ ಅಮ್ಮನೋ ಅಪ್ಪನೋ ಪಕ್ಕದಲ್ಲೇ ಇರ್ತಾರೆ. ಬೇರೆ ಯಾರೂ ಮುಟ್ಟೋ ಹಾಗಿಲ್ಲ, ನೋಡೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. ಅವರದ್ದನ್ನ ನಿನಗೆ ಮುಟ್ಟು ಅನ್ನೋ ಹಾಗೂ ಇಲ್ಲ. ಯಾರಾದ್ರೂ ಹಾಗೆ ಮಾಡಿದ್ರೆ ತಪ್ಪು ಅವರದ್ದು, ನೀನು ಬಂದು ನನಗೆ ಹೇಳು." ಇಷ್ಟು ಹೇಳಲು ಒಂದು ನಿಮಿಷ ಸಾಕು, ಮೂರೂವರೆ ವರ್ಷದ ಮಗುವಿಗೆ ಅರ್ಥವಾಗಲು ಹಲವು ಸ್ನಾನಗಳು ಬೇಕು. ಮಗು ತನ್ನನ್ನು ತಾನೇ ಮುಟ್ಟಿಕೊಳ್ಳುವುದು ಈ ವಯಸ್ಸಿನಲ್ಲಿ ತೀರಾ ಸಾಮಾನ್ಯವಾಗಿದ್ದು, ಅದನ್ನು ಗದರುವ ಬದಲು "ಅದನ್ನ ಎಲ್ಲರ ಮುಂದೆ ಮಾಡಲ್ಲ" ಎಂದಷ್ಟೇ ಹೇಳಿ ಬೇರೆ ಆಟಕ್ಕೆ ಕರೆದೊಯ್ದರೆ ಸಾಕು. ಗುಟ್ಟಿನ ವಿಷಯದಲ್ಲೂ ಒಂದು ಸರಳ ಭೇದ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ: ಅಪ್ಪನ ಹುಟ್ಟುಹಬ್ಬಕ್ಕೆ ತಂದ ಉಡುಗೊರೆಯಂತೆ ಆಮೇಲೆ ಎಲ್ಲರಿಗೂ ಗೊತ್ತಾಗುವ ಗುಟ್ಟನ್ನು ಇಟ್ಟುಕೊಳ್ಳಬಹುದು, ಅಮ್ಮನಿಗೆ ಎಂದೆಂದಿಗೂ ಹೇಳಬೇಡ ಎನ್ನುವ ಗುಟ್ಟನ್ನು ಮಾತ್ರ ಇಟ್ಟುಕೊಳ್ಳಬಾರದು.

'ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ'ದ ತೊಡಕು

ಶಾಲೆಗಳ ಗೋಡೆಗಳ ಮೇಲೂ ಕಾಣಿಸುವ 'ಗುಡ್ ಟಚ್, ಬ್ಯಾಡ್ ಟಚ್' ಪಾಠದ ಮೂಲವಿರುವುದು 1970ರ ದಶಕದ ಅಮೆರಿಕದಲ್ಲಿ, ಮಿನಿಯಾಪೊಲಿಸ್‌ನ ಕಾರ್ಡೀಲಿಯಾ ಆಂಡರ್ಸನ್ ಅವರು ಸ್ಪರ್ಶಗಳನ್ನು ಹಿತವಾದದ್ದು, ಗೊಂದಲ ಹುಟ್ಟಿಸುವುದು, ಶೋಷಣೆಯಾದದ್ದು ಎಂದು ಒಂದೇ ಸಾಲಿನಲ್ಲಿಟ್ಟು ವಿವರಿಸಿದ ಕ್ರಮದಲ್ಲಿ. ಹರಡುತ್ತ ಹೋದಂತೆ ನಡುವಿನ 'ಗೊಂದಲ' ಬಿದ್ದುಹೋಗಿ ಒಳ್ಳೆಯದು ಮತ್ತು ಕೆಟ್ಟದ್ದು ಮಾತ್ರ ಉಳಿದವು. ಆದರೆ ಇಂಜೆಕ್ಷನ್ ನೋವು ಕೊಡುತ್ತದೆ, ಅದು ಒಳ್ಳೆಯದು; ಪಳಗಿಸುವವನ ಸ್ಪರ್ಶ ನೋಯಿಸದೆ ಇರಬಹುದು, ದೇಹದ ನರಗಳು ಇರುವುದೇ ಹಾಗಾದ್ದರಿಂದ ಹಿತವಾಗಿಯೂ ಇರಬಹುದು. ಅಂಥ ಮಗುವಿಗೆ "ನಿನಗೆ ಕೆಟ್ಟದೆನಿಸಿದರೆ ಅದು ಕೆಟ್ಟ ಸ್ಪರ್ಶ" ಎಂಬ ಪಾಠ ಎಚ್ಚರಿಕೆಯಾಗುವುದಿಲ್ಲ, ನನಗೆ ಕೆಟ್ಟದೆನಿಸಲಿಲ್ಲವಲ್ಲ ಎಂಬ ಪಾಪಪ್ರಜ್ಞೆಯಾಗುತ್ತದೆ. ಸಂಶೋಧಕಿ ಸ್ಯಾಂಡಿ ವರ್ಟಲ್ ಮತ್ತು ಸಂಗಡಿಗರು 1989ರಲ್ಲಿ ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗೆ ಭಾವನೆಯ ಆಧಾರದ ಮೇಲೂ, ಮೇಲೆ ಹೇಳಿದಂಥ ನಿಯಮದ ಆಧಾರದ ಮೇಲೂ ಬೇರೆ ಬೇರೆಯಾಗಿ ಕಲಿಸಿ ಹೋಲಿಸಿದಾಗ, ಭಾವನೆಯನ್ನು ನಂಬು ಎಂದು ಕಲಿತ ಮಕ್ಕಳಿಗಿಂತ ನಿಯಮ ಕಲಿತ ಮಕ್ಕಳು ಅನುಚಿತ ಸ್ಪರ್ಶವನ್ನು ಚೆನ್ನಾಗಿ ಗುರುತಿಸಿದರು. 2001ರಿಂದ ಬೆಂಗಳೂರಿನಲ್ಲಿ ಈ ಕ್ಷೇತ್ರದಲ್ಲಿ ದುಡಿಯುತ್ತಿರುವ, ಇಬ್ಬರು ಸ್ತ್ರೀರೋಗತಜ್ಞೆಯರು ಕಟ್ಟಿದ ಎನ್‌ಫೋಲ್ಡ್ ಸಂಸ್ಥೆ ಒತ್ತುಕೊಡುವುದೂ ವೈಯಕ್ತಿಕ ಸುರಕ್ಷತೆಯ ನಿಯಮಗಳಿಗೇ.

ಇಂಥ ಪಾಠಗಳು ಮಕ್ಕಳಲ್ಲಿ ಇಲ್ಲದ ಭಯ ಹುಟ್ಟಿಸುತ್ತವೆ ಎಂಬ ಆತಂಕಕ್ಕೆ ಪುರಾವೆ ಸಿಕ್ಕಿಲ್ಲ. ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ, ಬೇರೆ ಬೇರೆ ದೇಶಗಳ 24 ಪ್ರಯೋಗಗಳ 5,802 ಮಕ್ಕಳ ವಿವರಗಳನ್ನು ಒಟ್ಟುಹಾಕಿ, ಶಾಲೆಯ ಪಾಠಗಳಿಂದ ಮಕ್ಕಳ ತಿಳಿವಳಿಕೆ ಮತ್ತು ಸ್ವರಕ್ಷಣೆಯ ನಡೆ ಸುಧಾರಿಸುತ್ತವೆ, ಆತಂಕ ಹೆಚ್ಚುವುದಿಲ್ಲ, ತಮಗಾದದ್ದನ್ನು ಹೇಳಿಕೊಳ್ಳುವ ಸಾಧ್ಯತೆ ಹೆಚ್ಚಬಹುದು ಎಂದಿತು. ಪಾಠದಿಂದ ಕಿರುಕುಳವೇ ಕಡಿಮೆಯಾಗುತ್ತದೆ ಎಂದು ಮಾತ್ರ ಅದು ಹೇಳಲಿಲ್ಲ. ಆರು ವರ್ಷದ ಮಗು "ಬೇಡ" ಎಂದು ಕೂಗಿ ಓಡಿಬಂದು ತನ್ನನ್ನು ತಾನು ಕಾಪಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಕಾಯುವ ಹೊಣೆ ದೊಡ್ಡವರದು, ಮಗುವಿನಿಂದ ಆಗಬಹುದಾದದ್ದು ಹೇಳುವುದಷ್ಟೇ.

ಹತ್ತರಿಂದ ಹದಿನಾಲ್ಕು

ಚಿಕ್ಕಂದಿನಿಂದಲೇ ಮೈಯ ಕುರಿತ ಮಾತಿಗೆ ದಾರಿ ತೆರೆದಿದ್ದ ಮನೆಗಳಲ್ಲಿ ಹರೆಯದ ಮಾತು ಅಷ್ಟು ಕಷ್ಟವಾಗುವುದಿಲ್ಲ. ಹೆಣ್ಣುಮಕ್ಕಳಲ್ಲಿ ಹರೆಯದ ಬದಲಾವಣೆಗಳು ಸಾಮಾನ್ಯವಾಗಿ 8ರಿಂದ 13ರ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ ಆರಂಭವಾಗುತ್ತವೆ. ಹುಡುಗಿಯ ಎದೆಯಲ್ಲಿ ಮೊದಲ ಮೊಗ್ಗು ಕಾಣಿಸಿಕೊಂಡು ಸುಮಾರು ಎರಡು-ಎರಡೂವರೆ ವರ್ಷಗಳ ಬಳಿಕ ಮೊದಲ ಮುಟ್ಟು ಬರುತ್ತದೆ. ಅಂದರೆ ತಾಯಿಗೆ ದೇಹವೇ ಎರಡು ವರ್ಷ ಮೊದಲು ಸೂಚನೆ ಕೊಟ್ಟಿರುತ್ತದೆ. ಹಾಗಿದ್ದರೂ ಶಾಲೆಯ ಶೌಚಾಲಯದಲ್ಲಿ ರಕ್ತ ಕಂಡು ತನಗೇನೋ ದೊಡ್ಡ ರೋಗ ಬಂದಿದೆ ಎಂದು ನಡುಗುವ ಹುಡುಗಿಯರು ಇಂದಿಗೂ ಇದ್ದಾರೆ. ಹುಡುಗಿ ದೊಡ್ಡವಳಾದಳೆಂದು ಊರಿಗೆಲ್ಲ ತಿಳಿಸಿ, ಆರತಿ ಎತ್ತಿ, ಕೊಬ್ಬರಿ-ಬೆಲ್ಲ, ಚಿಗಳಿ ತಿನ್ನಿಸುವ ಸಮಾಜ, ಆಕೆಯ ದೇಹದಲ್ಲಿ ನಡೆದದ್ದೇನು ಎಂಬುದನ್ನು ಮಾತ್ರ ಆಕೆಗೆ ಹೇಳಲು ನಾಚುತ್ತದೆ. ಗರ್ಭಕೋಶ ಒಂದು ಭ್ರೂಣವನ್ನು ಬರಮಾಡಿಕೊಳ್ಳಲು ಪ್ರತಿ ತಿಂಗಳೂ ಒಳಪದರವನ್ನು ಸಿದ್ಧಮಾಡಿಕೊಳ್ಳುತ್ತದೆ, ಭ್ರೂಣ ಬಾರದಿದ್ದಾಗ ಆ ಪದರ ಕಳಚಿ ಹೊರಬರುತ್ತದೆ ಎಂದು ಹೇಳಲು ಎರಡು ವಾಕ್ಯ ಸಾಕು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ'ಯಂಥ ಪುಸ್ತಕವನ್ನು ಬರೆದು ದಶಕಗಳೇ ಆದವು. ಕನ್ನಡದಲ್ಲಿ ಇದನ್ನು ಹೇಳಲು ಬರುವುದಿಲ್ಲ ಎಂಬ ನೆವ ಅಂದೇ ಮುಗಿದಿತ್ತು.

ಹುಡುಗರಿಗೆ ಇಂಥ ಎರಡು ವಾಕ್ಯಗಳೂ ಸಿಗುವುದಿಲ್ಲ. ನಿದ್ದೆಯಲ್ಲಿ ವೀರ್ಯಸ್ಖಲನವಾಗುವುದು ಹರೆಯದ ದೇಹದ ಸಹಜ ಕ್ರಿಯೆ ಎಂದು ಅಪ್ಪ ಹೇಳದಿದ್ದರೆ, ಅದರ ವಿವರಣೆಯನ್ನು ಬಸ್‌ಸ್ಟ್ಯಾಂಡಿನ ಗೋಡೆಯ ಗುಪ್ತರೋಗ ಚಿಕಿತ್ಸೆಯ ಜಾಹೀರಾತು ಹೇಳುತ್ತದೆ. ಧಾತು ಸೋರಿ ನಿಶ್ಶಕ್ತರಾಗುತ್ತಿದ್ದೇವೆ ಎಂಬ ಕಲ್ಪನೆಯಿಂದಲೇ ಯುವಕರು ಸೊರಗುವುದನ್ನು ಕಂಡ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಅದಕ್ಕೆ 'ಧಾತ್ ಸಿಂಡ್ರೋಮ್' ಎಂಬ ಹೆಸರಿಟ್ಟಿದ್ದರು. ಇಂದು ಆ ಗೋಡೆಯ ಜಾಗವನ್ನು ಮೊಬೈಲ್ ಹಿಡಿದಿದೆ. ಅಶ್ಲೀಲ ವಿಡಿಯೊ ನೋಡಿ ಸಿಕ್ಕಿಬಿದ್ದ ಹನ್ನೆರಡರ ಹುಡುಗನ ಫೋನು ಕಿತ್ತುಕೊಂಡು ಬಾರಿಸುವ ಅಪ್ಪ, ನಾಳೆ ಯಾರಾದರೂ ಅದೇ ಹುಡುಗನ ಫೋಟೋ ಹಿಡಿದು ಬೆದರಿಸಿದರೆ ಅವನು ಓಡಿಬರಬೇಕಾದ ಬಾಗಿಲನ್ನು ತಾನೇ ಮುಚ್ಚಿರುತ್ತಾನೆ.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಭಯ ಮನೆಗೆ ಸೀಮಿತವಲ್ಲ. ಶಾಲೆಗಳಲ್ಲಿ 2005ರಲ್ಲಿ ಆರಂಭವಾದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಇದೇ ಭಯದಿಂದ ತಡೆಹಿಡಿದಿದ್ದವು. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯ ಹಿಂದಿನ ಅಧ್ಯಯನಗಳು ಕಂಡುಕೊಂಡದ್ದು ಇದಕ್ಕೆ ವಿರುದ್ಧವಾದುದನ್ನು: ಲೈಂಗಿಕ ಶಿಕ್ಷಣ ಮಕ್ಕಳ ಲೈಂಗಿಕ ಚಟುವಟಿಕೆಯನ್ನು ಹೆಚ್ಚಿಸುವುದಿಲ್ಲ, ಅದು ಮೊದಲ ಅನುಭವವನ್ನು ಮುಂದೂಡುವ ಸಾಧ್ಯತೆಯೂ ಇದೆ.

ಮಗು ಬಾಯಿಬಿಟ್ಟಾಗ

ಹೇಳುವ ಮಗು ಒಂದೇ ಸಲಕ್ಕೆ ಎಲ್ಲವನ್ನೂ ಹೇಳುವುದಿಲ್ಲ. "ಆ ಅಣ್ಣನ ಮನೆಗೆ ನಾನು ಹೋಗಲ್ಲ" ಎಂಬಂಥ ಒಂದು ತುಣುಕನ್ನು ಎಸೆದು ಎದುರಿನ ಮುಖ ನೋಡುತ್ತದೆ. ಮುಂದಿನ ತುಣುಕು ಬರುವುದೋ ಇಲ್ಲವೋ ಎಂಬುದು ಆ ಮುಖದಲ್ಲಿ ಕಂಡದ್ದರ ಮೇಲೆ ನಿಂತಿರುತ್ತದೆ. ಕಿರುಚುವುದು, ಎದೆ ಬಡಿದುಕೊಳ್ಳುವುದು, "ಯಾಕೆ ಅಲ್ಲಿಗೆ ಹೋದೆ?" ಎನ್ನುವುದು, ಪ್ರೀತಿಯಿಂದಲೇ ಬಂದರೂ, ಮಗುವಿಗೆ ಗಾಜಿನ ಮೇಜಿನ ಆಚೆಯ ಭಯದ ಮುಖವಾಗಿ ಕಾಣುತ್ತದೆ.

ಇಲ್ಲಿ ಇನ್ನೊಂದು ಅಪಾಯವೂ ಇದೆ. ಸಂಶೋಧಕರಾದ ಮಿಶೆಲ್ ಲೈಕ್ಟ್‌ಮನ್ ಮತ್ತು ಸ್ಟೀಫನ್ ಸೆಸಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಯಾಮ್ ಸ್ಟೋನ್ ಎಂಬ ಹೆಸರಿನ ವ್ಯಕ್ತಿಯೊಬ್ಬ ಶಿಶುವಿಹಾರಕ್ಕೆ ಬಂದು, ಎರಡು ನಿಮಿಷ ಅಡ್ಡಾಡಿ, ಏನೂ ಮಾಡದೆ ಹೋದ. ಆತ ಬಲು ಎಡವಟ್ಟಿನವನೆಂದು ಮೊದಲೇ ಕೇಳಿದ್ದ, ಆಮೇಲೆ ವಾರಗಟ್ಟಲೆ "ಪುಸ್ತಕ ಹರಿದಾಗ ಅವನಿಗೆ ಸಿಟ್ಟು ಬಂದಿತ್ತಾ?" ಎಂಬಂಥ ಸುಳಿವಿನ ಪ್ರಶ್ನೆಗಳನ್ನು ಎದುರಿಸಿದ್ದ ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 72 ಮಂದಿ, ಕೆದಕಿ ಕೇಳಿದಾಗ, ಆತ ಹಾನಿ ಮಾಡಿದ್ದ ಎಂದರು. ಸೇವಿಟ್ಸ್ ಅವರ ಪ್ರಯೋಗಕ್ಕೂ ಇದಕ್ಕೂ ವಿರೋಧವೇನಿಲ್ಲ. ಒಮ್ಮೆ, ನೇರವಾಗಿ, ತೀರ್ಪಿಲ್ಲದೆ ಕೇಳುವುದು ಬೇರೆ. ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಇದ್ದು ಅದು ಬರುವವರೆಗೆ ಕೇಳುತ್ತಲೇ ಇರುವುದು ಬೇರೆ. ಆದ್ದರಿಂದ "ಅವನು ಅಲ್ಲಿ ಮುಟ್ಟಿದ್ನಾ? ಹೀಗೆ ಮಾಡಿದ್ನಾ?" ಎಂದು ಪೋಣಿಸುವ ಬದಲು "ಆಮೇಲೆ ಏನಾಯ್ತು?", "ಇನ್ನೂ ಸ್ವಲ್ಪ ಹೇಳು" ಎಂಬ ತೆರೆದ ಪ್ರಶ್ನೆಗಳೇ ಹೆಚ್ಚು ನಿಖರವಾದ ಉತ್ತರ ತರುತ್ತವೆ. ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ ಬರೆದಿಟ್ಟುಕೊಂಡು, ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರ ಮುಂದೆ ಮತ್ತೆ ಮತ್ತೆ ಹೇಳಿಸದೆ ಇರುವುದು ಮಗುವಿಗೂ ಒಳ್ಳೆಯದು, ಮುಂದಿನ ತನಿಖೆಗೂ ಒಳ್ಳೆಯದು. ಘಟನೆ ಆಗತಾನೇ ನಡೆದಿದ್ದರೆ ಮಗುವಿಗೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆ ಗಂಡು-ಹೆಣ್ಣೆಂಬ ಭೇದವಿಲ್ಲದೆ 18ಕ್ಕಿಂತ ಕೆಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಶಿಕ್ಷಾರ್ಹ. ಮಗು ಠಾಣೆಗೆ ಹೋಗಬೇಕಾಗಿಲ್ಲ. ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರದಲ್ಲಿಲ್ಲದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದವರು, ಮಗು ನಂಬುವವರ ಸಮ್ಮುಖದಲ್ಲಿ ಬರೆದುಕೊಳ್ಳಬೇಕು. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಮಗುವಿನ ಗುರುತನ್ನು ಯಾರೂ ಪ್ರಕಟಿಸುವಂತಿಲ್ಲ. ಮೊದಲ ಕರೆ ಮಾಡಬೇಕಾದ ಸಂಖ್ಯೆಗಳು ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸೇವೆಯ 112.

ದೂರು ಕೊಟ್ಟ ಮೇಲೂ ಮುಖದೋದು ನಿಲ್ಲುವುದಿಲ್ಲ. ಸಂಶೋಧಕರಾದ ಲಿಂಡ್ಸೆ ಮಲಾಯ್, ಥಾಮಸ್ ಲಯಾನ್ ಮತ್ತು ಜೋಡಿ ಕ್ವಾಸ್ ಅವರು 2007ರಲ್ಲಿ, ಕಿರುಕುಳ ನಡೆದದ್ದು ದೃಢಪಟ್ಟ 257 ಮಕ್ಕಳ ಕಡತಗಳನ್ನು ಪರಿಶೀಲಿಸಿದಾಗ, ನೂರಕ್ಕೆ 23 ಮಂದಿ ತಾವು ಮೊದಲು ಹೇಳಿದ್ದನ್ನು ನಡುವೆ ಹಿಂತೆಗೆದುಕೊಂಡಿದ್ದರು. ಹೀಗೆ ಮಾಡುವ ಸಾಧ್ಯತೆ ಹೆಚ್ಚಾಗಿದ್ದವರು ಚಿಕ್ಕ ವಯಸ್ಸಿನವರು, ತಂದೆತಾಯಿಯ ಸ್ಥಾನದಲ್ಲಿದ್ದವರಿಂದಲೇ ತೊಂದರೆಗೊಳಗಾದವರು, ಮತ್ತು ತಪ್ಪು ಮಾಡಿರದ ಇನ್ನೊಬ್ಬ ಪೋಷಕರ ಬೆಂಬಲ ಸಿಗದವರು. ಮೊದಲೆರಡನ್ನು ಯಾರೂ ಬದಲಿಸಲಾರರು. ಮೂರನೆಯದು ದೂರಿನ ನಂತರದ ವಾರಗಳಲ್ಲಿ, ಮನೆತನದ ಮಾನದ ಮಾತೆತ್ತಿ ರಾಜಿಗೆ ಬರುವ ಹಿರಿಯರನ್ನು ಮಗುವಿನ ಕಿವಿಗೆ ಬೀಳದಂತೆ ಹೊರಗೇ ಮಾತನಾಡಿಸಿ ಕಳುಹಿಸುವುದು, ದೇವರ ಪಟದ ಮುಂದೆ ನಿಲ್ಲಿಸಿ ಆಣೆ ಹಾಕಿಸದಿರುವುದು, ಆ ವ್ಯಕ್ತಿ ಮತ್ತೆ ಮನೆಯ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳುವುದು ಮುಂತಾದ ಕೆಲಸಗಳಲ್ಲಿ ನಿರ್ಧಾರವಾಗುತ್ತದೆ.